ಹಡಗು ತೇಲುವ ಕಥೆ: ಉಮ್ಮ್ ಅನ್ ನಾರ್‌ನಿಂದ ಪಣಂಬೂರಿನವರೆಗೆ

ಕಬ್ಬಿಣದ ಒಂದು ಮೊಳೆಯನ್ನು ನೀರಿಗೆ ಹಾಕಿ ನೋಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ತಳ ಸೇರಿರುತ್ತದೆ. ಅದೇ ಕಬ್ಬಿಣದಿಂದ ಮಾಡಿದ, ಊರೊಂದರಷ್ಟು ದೊಡ್ಡ ಹಡಗು ಮಾತ್ರ ಸಾವಿರಾರು ಪೆಟ್ಟಿಗೆ ಹೊತ್ತುಕೊಂಡು ಜೆಬೆಲ್ ಅಲಿ ಬಂದರಿಗೆ ಏನೂ ಆಗದ ಹಾಗೆ ಬಂದು ನಿಲ್ಲುತ್ತದೆ. ಇದು ಹೇಗೆ ಅಂತ ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. "ವಸ್ತುವೊಂದು ತಾನು ಪಲ್ಲಟಗೊಳಿಸಿದ ದ್ರವದ ತೂಕದಷ್ಟು..." ಎಂದು ಶುರುವಾಗುವ ಆ ವಾಕ್ಯ ಪರೀಕ್ಷೆಗೆ ಮಾತ್ರ ಬಾಯಿಪಾಠವಾಗಿತ್ತು. ಮಾರ್ಕು ಬಂತು, ನಂಬಿಕೆ ಬರಲಿಲ್ಲ!

ಹಾಗಾಗಿ ಆ ವಾಕ್ಯವನ್ನು ಬದಿಗಿಟ್ಟು ಬಾವಿಕಟ್ಟೆಯಿಂದ ಶುರು ಮಾಡೋಣ. ಬಾವಿಯಿಂದ ನೀರು ಸೇದಿದವರಿಗೆ ಇದು ಗೊತ್ತು. ಕೊಡ ನೀರಿನೊಳಗೆ ಇರುವಷ್ಟು ಹೊತ್ತು ಹಗ್ಗ ಹಗುರವಾಗಿರುತ್ತದೆ, ಕೊಡದ ಬಾಯಿ ನೀರಿನಿಂದ ಮೇಲೆ ಬಂದ ತಕ್ಷಣ ಕೈ ಜಗ್ಗುತ್ತದೆ. ಕೊಡದ ತೂಕ ಬದಲಾಗಿಲ್ಲ. ಅಲ್ಲಿಯ ತನಕ ಬಾವಿಯ ನೀರೂ ನಿಮ್ಮ ಜತೆ ಸೇರಿ ಅದನ್ನು ಎತ್ತುತ್ತಿತ್ತು, ಈಗ ಕೈಬಿಟ್ಟಿತು, ಅಷ್ಟೆ. ನೀರಿನ ಒತ್ತಡ ಆಳಕ್ಕೆ ಹೋದಷ್ಟೂ ಹೆಚ್ಚು. ಮುಳುಗಿದ ವಸ್ತುವಿನ ತಲೆಯನ್ನು ನೀರು ಕೆಳಗೆ ತಳ್ಳುವುದಕ್ಕಿಂತ ಅದರ ತಳವನ್ನು ಮೇಲಕ್ಕೆ ತಳ್ಳುವ ಬಲ ಜಾಸ್ತಿ. ಆ ವ್ಯತ್ಯಾಸವೇ ಎತ್ತುವ ಕೈ. ಅದು ಎಷ್ಟು ಎತ್ತುತ್ತದೆ? ವಸ್ತು ಎಷ್ಟು ಜಾಗದ ನೀರನ್ನು ಆಚೆ ಸರಿಸಿದೆಯೋ ಅಷ್ಟು ನೀರಿನ ತೂಕವನ್ನು. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮೆಯಿಲ್ಲ.

ಉಕ್ಕು ತನ್ನಷ್ಟೇ ಗಾತ್ರದ ನೀರಿಗಿಂತ ಸುಮಾರು 8 ಪಟ್ಟು ಭಾರ. ಆದ್ದರಿಂದ ಮೊಳೆ ಮುಳುಗುತ್ತದೆ. ಆದರೆ ಅದೇ ಉಕ್ಕನ್ನು ತಟ್ಟಿ ತೆಳ್ಳಗೆ ಮಾಡಿ ಬೋಗುಣಿ ಮಾಡಿದರೆ? ಸ್ಟೀಲ್ ಚೊಂಬು ಹಂಡೆಯ ನೀರಿನಲ್ಲಿ ತೇಲುವುದನ್ನು ನೋಡದ ಮನೆ ಯಾವುದಿದೆ ಹೇಳಿ. ಆ ಚೊಂಬನ್ನು ತೇಲಿಸುವುದು ಸ್ಟೀಲ್ ಅಲ್ಲ, ಅದರ ಹೊಟ್ಟೆಯ ಖಾಲಿ ಜಾಗ. ಹಡಗು ಅಂದರೆ ಒಂದು ದೊಡ್ಡ ಚೊಂಬು. 400 ಮೀಟರ್ ಉದ್ದ, 60 ಮೀಟರ್ ಅಗಲದ ಹಡಗೊಂದು ನೀರಿನೊಳಗೆ 16 ಮೀಟರ್ ಇಳಿದು ನಿಂತಿದೆ ಅಂದುಕೊಳ್ಳಿ. ಮೂರನ್ನೂ ಗುಣಿಸಿದರೆ 3,84,000 ಘನ ಮೀಟರ್. ಹಡಗಿನ ಮೂತಿ ಬಾಲ ಚೂಪಾಗಿರುವುದರಿಂದ ಮೂರರಲ್ಲಿ ಒಂದು ಪಾಲು ಕಳೆಯಿರಿ, ಸುಮಾರು 2,60,000 ಉಳಿಯಿತು. ಒಂದು ಘನ ಮೀಟರ್ ಸಮುದ್ರದ ನೀರು ಸುಮಾರು 1,025 ಕಿಲೋ ತೂಗುತ್ತದೆ. ಅಂದರೆ ಹಡಗು, ಎಂಜಿನ್, ಎಣ್ಣೆ, ಪೆಟ್ಟಿಗೆ, ಅಡುಗೆಯವನ ಈರುಳ್ಳಿ ಮೂಟೆ ಎಲ್ಲ ಸೇರಿ ಎರಡೂವರೆ ಲಕ್ಷ ಟನ್ನಿಗೂ ಹೆಚ್ಚು. ಅಷ್ಟನ್ನೂ ನೀರು ಆರಾಮಾಗಿ ಹೊರುತ್ತದೆ.

ವಿಜ್ಞಾನ ಇಷ್ಟೇ. ಆದರೆ ಮನುಷ್ಯರು ಈ ಖಾಲಿ ಜಾಗವನ್ನು ಕಾಪಾಡಿಕೊಳ್ಳುವುದಕ್ಕೆ ಏನೆಲ್ಲ ಪಾಡು ಪಟ್ಟರು ಅನ್ನುವುದು ಉದ್ದ ಕಥೆ. ಆ ಕಥೆಯ ಒಂದು ತುದಿ ನಾನಿರುವ ಈ ಬನಿಯಾಸ್‌ನ ಪಕ್ಕದಲ್ಲೇ ಇದೆ, ಇನ್ನೊಂದು ತುದಿ ನಮ್ಮ ಮಂಗಳೂರಿನಲ್ಲಿ.

ಹುಲ್ಲಿನ ಹಡಗು

ಬನಿಯಾಸ್ ಅಂದರೆ ಅಬುಧಾಬಿಯ ಹೊರವಲಯದ ಒಂದು ಊರು. ಹೆಸರು ಮಾತ್ರ ದೊಡ್ಡದು. ಬನೀ ಯಾಸ್ ಅನ್ನುವುದು ಇಲ್ಲಿಯ ಬುಡಕಟ್ಟುಗಳ ಒಕ್ಕೂಟ. ಅಬುಧಾಬಿ ಮತ್ತು ದುಬೈ ಎರಡೂ ರಾಜಮನೆತನಗಳು ಇದರ ಕವಲುಗಳೇ. 1833ರಲ್ಲಿ ಇದರ ಒಂದು ಕವಲು ದುಬೈ ಖಾರಿಯ ದಡಕ್ಕೆ ಹೋಗಿ ನೆಲೆಸಿತು. ಇವತ್ತು ದೇರಾದಲ್ಲಿ ಆ ಖಾರಿಯ ಪಕ್ಕದಲ್ಲೇ ಹಾದುಹೋಗುವ ರಸ್ತೆಯ ಹೆಸರೂ ಬನಿಯಾಸ್ ರಸ್ತೆ. ಮರಳುಗಾಡಿನ ಜನ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಮುತ್ತು, ಮೀನು, ವ್ಯಾಪಾರ ಅಂತ ಇವರ ಅರ್ಧ ಬದುಕು ನೀರಿನ ಮೇಲೆಯೇ ಇತ್ತು.

ಬನಿಯಾಸ್‌ನಿಂದ ಅಬುಧಾಬಿ ಪೇಟೆಗೆ ಹೋಗುವಾಗ ಸಿಗುವ ಸಣ್ಣ ದ್ವೀಪ ಉಮ್ಮ್ ಅನ್ ನಾರ್. ಈಗ ಸಾಸ್ ಅಲ್ ನಖ್ಲ್ ಎಂಬ ಹೆಸರಿದೆ. 1959ರಲ್ಲಿ ಡೆನ್ಮಾರ್ಕಿನ ಪುರಾತತ್ವ ತಂಡ ಇಲ್ಲಿ ಅಗೆದಾಗ ನಾಲ್ಕು ಸಾವಿರ ವರ್ಷಕ್ಕೂ ಹಳೆಯ ದುಂಡನೆಯ ಕಲ್ಲಿನ ಗೋರಿಗಳು ಸಿಕ್ಕಿದವು. ಆ ಕಾಲದ ನಾಗರಿಕತೆಗೆ ಈ ದ್ವೀಪದ ಹೆಸರನ್ನೇ ಇಟ್ಟರು. ನಮ್ಮ ಕಥೆಗೆ ಬೇಕಾಗಿರುವುದು ಗೋರಿಯಲ್ಲ, ಕಪ್ಪು ಡಾಂಬರಿನ ತುಣುಕುಗಳು. ಉಮ್ಮ್ ಅನ್ ನಾರ್‌ನಲ್ಲೂ ಒಮಾನಿನ ರಾಸ್ ಅಲ್ ಜಿನ್ಜ್‌ನಲ್ಲೂ ಸಿಕ್ಕ ಈ ತುಣುಕುಗಳ ಮೇಲೆ ಜೊಂಡು ಹುಲ್ಲಿನ ಮತ್ತು ಹಗ್ಗದ ಅಚ್ಚು ಮೂಡಿತ್ತು. ರಾಸ್ ಅಲ್ ಜಿನ್ಜ್‌ನ ತುಣುಕುಗಳ ಇನ್ನೊಂದು ಮುಖದಲ್ಲಿ ಸಮುದ್ರದಲ್ಲಿ ಹಡಗಿನ ತಳಕ್ಕೆ ಅಂಟುವ ಚಿಪ್ಪುಹುಳಗಳು! ಅಂದರೆ ಜೊಂಡಿನ ಕಟ್ಟುಗಳನ್ನು ಹಗ್ಗದಲ್ಲಿ ಬಿಗಿದು, ಮೇಲೆ ಡಾಂಬರು ಬಳಿದು ಮಾಡಿದ ಹಡಗುಗಳು ಸಮುದ್ರಕ್ಕೆ ಇಳಿದಿದ್ದವು. ಮೆಸೊಪೊಟೇಮಿಯದವರು ಈ ಪ್ರದೇಶವನ್ನು ಮಗನ್ ಎಂದು ಕರೆಯುತ್ತಿದ್ದರು. ಮೆಲುಹ್ಹಾ, ಮಗನ್, ದಿಲ್ಮುನ್ ಹಡಗುಗಳು ತನ್ನ ಅಕ್ಕಾದ್ ನಗರದ ಕಟ್ಟೆಗೆ ಬಂದು ನಿಲ್ಲುತ್ತವೆ ಅಂತ ಸಾರ್ಗಾನ್ ಎಂಬ ರಾಜ ಕೊಚ್ಚಿಕೊಂಡಿದ್ದಾನೆ. ಅದರಲ್ಲಿ ಮೆಲುಹ್ಹಾ ಅಂದರೆ ಸಿಂಧೂ ಕಣಿವೆ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಈ ಕಡಲಿನಲ್ಲಿ ನಮ್ಮ ಕಡೆಯವರ ಓಡಾಟ ಮೊನ್ನೆ ಮೊನ್ನೆಯದ್ದಲ್ಲ ನೋಡಿ.

ಹುಲ್ಲಿನ ಹಡಗು ನಿಜವಾಗಿ ತೇಲೀತೇ? ಅನುಮಾನ ಇದ್ದವರು ಕಟ್ಟಿಯೇ ನೋಡಿದರು. 2005ರಲ್ಲಿ ಒಮಾನಿನಲ್ಲಿ 12 ಮೀಟರ್ ಉದ್ದದ ಮಗನ್ ದೋಣಿ ಕಟ್ಟಿ, ಸೂರ್ ಎಂಬಲ್ಲಿಂದ ಗುಜರಾತಿನ ಮಾಂಡ್ವಿಗೆ ಹೊರಟರು. ಸೆಪ್ಟೆಂಬರ್ 7ರಂದು ಹೊರಟ ದೋಣಿ ದಡದಿಂದ ಕೆಲವೇ ಮೈಲಿ ದೂರ ಹೋಗುವಷ್ಟರಲ್ಲಿ ನೀರು ತುಂಬಿ ಮುಳುಗಿತು. ಅದರಲ್ಲಿದ್ದ 8 ಮಂದಿಯೂ ಬದುಕಿಕೊಂಡರು. ಅಲ್ಲಿಗೆ ಬಿಟ್ಟರೇ? ಇಲ್ಲ. 2024ರಲ್ಲಿ ಅಬುಧಾಬಿಯಲ್ಲಿ ಜಾಯೆದ್ ನ್ಯಾಷನಲ್ ಮ್ಯೂಸಿಯಂ ಮತ್ತು ಇಲ್ಲಿಯ ವಿಶ್ವವಿದ್ಯಾಲಯಗಳು ಸೇರಿ 18 ಮೀಟರ್ ಉದ್ದದ ಇನ್ನೊಂದನ್ನು ಕಟ್ಟಿದವು. 15 ಟನ್ ಜೊಂಡು, ಖರ್ಜೂರದ ನಾರಿನ ಹಗ್ಗ, ಮೇಲೆ ಡಾಂಬರು, ಮೇಕೆಕೂದಲಿನ ಹಾಯಿ. ಅದು ಎರಡು ದಿನ, 50 ನಾಟಿಕಲ್ ಮೈಲಿ, ಅಬುಧಾಬಿ ಕಡಲಿನಲ್ಲಿ ಓಡಾಡಿ ಸುರಕ್ಷಿತವಾಗಿ ಬಂತು.

ಎರಡೂ ದೋಣಿಗಳ ಸಾಮಾನು ಒಂದೇ. ವಿಧಿ ಮಾತ್ರ ಬೇರೆ. ಜೊಂಡಿನೊಳಗೆ ಗಾಳಿ ಇರುವುದರಿಂದ ಒಣಗಿದ ಜೊಂಡು ತನ್ನಷ್ಟಕ್ಕೆ ತೇಲುತ್ತದೆ. ನೀರು ಕುಡಿದರೆ ಆ ಗಾಳಿ ಹೋಗುತ್ತದೆ, ದೋಣಿ ಭಾರವಾಗುತ್ತದೆ. ತೆಳ್ಳಗಿನ ಆ ಡಾಂಬರಿನ ಚರ್ಮದಲ್ಲೇ ದೋಣಿಯ ಜೀವ ಇರುವುದು.

ಇದನ್ನು ಓದುವಾಗ ನನಗೆ ತಟ್ಟನೆ ನೆನಪಾದದ್ದು ನಮ್ಮ ತುಂಗಭದ್ರೆಯ ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಗೆ ಹೊಳೆ ದಾಟುವ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು, ಹುಟ್ಟು ಹಾಕುವಾಗ ಸುತ್ತುತ್ತಲೇ ಇರುತ್ತದೆ ಅಂತ. ಇವತ್ತು ಹಂಪಿಯಲ್ಲಿ ಚರ್ಮದ ಬದಲು ಪ್ಲಾಸ್ಟಿಕ್ ಚೀಲದ ಹಾಳೆ, ಅದರ ಮೇಲೆ ಟಾರು. ಇರಾಕಿನ ಟೈಗ್ರಿಸ್ ನದಿಯಲ್ಲಿ 'ಗುಫ್ಫ' ಎಂದು ಕರೆಯುತ್ತಿದ್ದ ದುಂಡು ದೋಣಿಗೂ ಹೀಗೆಯೇ ಡಾಂಬರು ಬಳಿಯುತ್ತಿದ್ದರು. ಹೆಣಿಗೆಗೆ ನೂರು ತೂತು, ಆದರೂ ತೇಲುತ್ತದೆ. ಹೆಣಿಗೆ ಆಕಾರ ಕೊಡುತ್ತದೆ, ಚರ್ಮ ನೀರನ್ನು ಹೊರಗಿಡುತ್ತದೆ, ನಡುವಿನ ಖಾಲಿ ಜಾಗ ಭಾರ ಹೊರುತ್ತದೆ.

ಹೊಲಿದ ಹಡಗು, ಮುಳುಗಿದ ಕಬ್ಬಿಣ

ಜೊಂಡಿನ ನಂತರ ಬಂದದ್ದು ಮರ. ಈ ಮರಳುಗಾಡಿನಲ್ಲಿ ಹಡಗಿಗಾಗುವ ಮರ ಎಲ್ಲಿ? ಅದು ಬಂದದ್ದು ನಮ್ಮ ಪಶ್ಚಿಮ ಘಟ್ಟದ ಕಾಡುಗಳಿಂದ. ಸಾಗುವಾನಿ ನೀರಿಗಿಂತ ಹಗುರ, ಬೇಗ ಕೊಳೆಯುವುದಿಲ್ಲ. 1817ರಲ್ಲಿ ಮುಂಬಯಿಯಲ್ಲಿ ಸಾಗುವಾನಿಯಿಂದ ಕಟ್ಟಿದ 'ಟ್ರಿಂಕೋಮಲಿ' ಎಂಬ ಬ್ರಿಟಿಷ್ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತಿಗೂ ನೀರಿನ ಮೇಲೇ ಇದೆ ಅಂದರೆ ಲೆಕ್ಕ ಹಾಕಿ.

ಹಲಗೆಯೇನೋ ಸರಿ, ಜೋಡಿಸುವುದು ಹೇಗೆ? ಅರಬ್ಬೀ ಸಮುದ್ರದ ಹಳೆಯ ಹಡಗುಗಳಿಗೆ ಮೊಳೆಯೇ ಇರಲಿಲ್ಲ. ಹಲಗೆಗೆ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಬಟ್ಟೆ ಹೊಲಿದ ಹಾಗೆ ಹೊಲಿಯುತ್ತಿದ್ದರು! 13ನೆಯ ಶತಮಾನದ ಕೊನೆಗೆ ಹೊರ್ಮುಜ್‌ನಲ್ಲಿ ಇಂಥ ಹಡಗು ಕಂಡ ಮಾರ್ಕೊ ಪೋಲೊ ಬೆಚ್ಚಿಬಿದ್ದ. ಸರಕಿನ ಮೇಲೆ ತೊಗಲು ಹಾಸಿ ಅದರ ಮೇಲೆ ಇಂಡಿಯಾಕ್ಕೆ ಹೋಗುವ ಕುದುರೆಗಳನ್ನು ನಿಲ್ಲಿಸುತ್ತಾರೆ, ಇದರಲ್ಲಿ ಹೋಗುವುದು ಅಪಾಯ, ಎಷ್ಟೋ ಹಡಗು ಮುಳುಗುತ್ತವೆ ಎಂದು ಬರೆದ. ಸುಮಾರು ಅರ್ಧ ಶತಮಾನದ ಮೇಲೆ ಬಂದ ಇಬ್ನ್ ಬತೂತ, ನಮ್ಮ ಹೊನ್ನಾವರ ಮಂಗಳೂರುಗಳನ್ನು ನೋಡಿಹೋದವನು, ಉಲ್ಟಾ ಹೇಳಿದ. ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿಕೊಂಡು ತಾಳುತ್ತದೆ ಅಂತ. ಭೋಜರಾಜನ ಹೆಸರಿನಲ್ಲಿರುವ ಸಂಸ್ಕೃತದ 'ಯುಕ್ತಿಕಲ್ಪತರು' ಕೊಡುವ ಕಾರಣವೇ ಬೇರೆ. ಸಮುದ್ರದಲ್ಲಿ ಅಯಸ್ಕಾಂತದ ಬಂಡೆಗಳಿವೆ, ತಳದಲ್ಲಿ ಕಬ್ಬಿಣ ಇದ್ದರೆ ಹಡಗನ್ನು ಸೆಳೆದುಕೊಳ್ಳುತ್ತವೆ! ಮೂವರಲ್ಲಿ ಇಬ್ನ್ ಬತೂತನ ಮಾತು ಅನುಭವಸ್ಥರದ್ದು ಅಂತ ನನಗನಿಸುತ್ತದೆ. ದೋಣಿಯನ್ನು ಅಲೆ ಎತ್ತಿ ಮರಳಿನ ಮೇಲೆ ಕುಕ್ಕುವ ನಮ್ಮ ಕರಾವಳಿಯಲ್ಲಿ ಬಾಗುವ ಗುಣ ಇದ್ದವನೇ ಬದುಕುವುದು.

ಹಡಗಿಗೆ ಕಬ್ಬಿಣ ಬಳಸದಿದ್ದರೂ ಹಡಗಿನಲ್ಲಿ ಕಬ್ಬಿಣ ಮಾತ್ರ ಧಾರಾಳವಾಗಿ ಹೋಗುತ್ತಿತ್ತು. 1132ರಿಂದ 1149ರವರೆಗೆ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಇದ್ದ. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗ್ ಒಂದರ ಕೋಣೆಯಲ್ಲಿ ಉಳಿದುಕೊಂಡಿದ್ದವು. ಅಮಿತಾವ್ ಘೋಷ್ 1992ರ ತಮ್ಮ 'ಇನ್ ಆನ್ ಆಂಟಿಕ್ ಲ್ಯಾಂಡ್' ಪುಸ್ತಕದಲ್ಲಿ ಇವನ ಮತ್ತು ಇವನ ಆಳು ಬೊಮ್ಮನ ಜಾಡು ಹಿಡಿದು ಮಂಗಳೂರಿನವರೆಗೂ ಬಂದಿದ್ದರು. ಬೆನ್ ಯಿಜು ಇಲ್ಲಿಂದ ಕರಿಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಒಂದು ಸಲ ಏಡನ್‌ನಲ್ಲಿದ್ದ ಅವನ ಜತೆಗಾರ ಬರೆದ ಪತ್ರದಲ್ಲಿ ಕೆಟ್ಟ ಸುದ್ದಿ ಇತ್ತು. ಸರಕು ಹೊತ್ತ ಹಡಗು ಬಾಬ್ ಅಲ್ ಮಂದಬ್ ಹತ್ತಿರ ಒಡೆದುಹೋಯಿತು, ಮೆಣಸು ಪೂರ್ತಿ ನಷ್ಟ, ಆದರೆ ಏಡನ್‌ನಿಂದ ಮುಳುಗುಗಾರರನ್ನು ಕರೆಸಿ ಕಬ್ಬಿಣದ ಒಂದು ಪಾಲನ್ನು ಮೇಲೆ ತೆಗೆಸಿದ್ದಾರೆ.

ಈ ಪತ್ರದಲ್ಲಿ ನಮ್ಮ ಪಾಠ ಪೂರ್ತಿ ಇದೆ. ಹಡಗಿನ ಹೊಟ್ಟೆಯೊಳಗೆ ಇದ್ದಷ್ಟು ದಿನ ಕಬ್ಬಿಣ ತೇಲಿತು. ಹೊಟ್ಟೆ ಒಡೆದು ನೀರು ಹೊಕ್ಕಿತು, ಖಾಲಿ ಜಾಗ ಹೋಯಿತು, ಕಬ್ಬಿಣ ಮತ್ತೆ ಬರೀ ಕಬ್ಬಿಣವಾಗಿ ನೆಟ್ಟಗೆ ತಳಕ್ಕೆ ಹೋಯಿತು.

ಇಂಥ ಒಂದೇ ತೂತಿಗೆ ಇಡೀ ಹಡಗು ಹೋಗದ ಹಾಗೆ ಏನು ಮಾಡಬೇಕು? ಹೊಟ್ಟೆಯನ್ನೇ ಕೋಣೆ ಕೋಣೆ ಮಾಡಬೇಕು. ಚೀನೀಯರಿಗೆ ಇದು ಮೊದಲೇ ಗೊತ್ತಿತ್ತು. ಅವರ ದೊಡ್ಡ ಹಡಗುಗಳಲ್ಲಿ 13 ಕೋಣೆಗಳವರೆಗೂ ಇರುತ್ತವೆ, ಒಂದಕ್ಕೆ ನೀರು ಹೊಕ್ಕರೆ ಇನ್ನೊಂದಕ್ಕೆ ಬರುವುದಿಲ್ಲ ಅಂತ ಪೋಲೊ ಮೆಚ್ಚಿ ಬರೆದಿದ್ದಾನೆ. ಈ ಕೋಣೆಗಳ ವಿಷಯ ನೆನಪಿಟ್ಟುಕೊಳ್ಳಿ, ಪಣಂಬೂರಿಗೆ ಹೋದಾಗ ಮತ್ತೆ ಬೇಕಾಗುತ್ತದೆ.

ಲೆಕ್ಕ ಬಂತು, ಕಬ್ಬಿಣವೂ ಬಂತು

ಇಷ್ಟೆಲ್ಲ ಕಟ್ಟಿದವರು ಯಾರೂ ಲೆಕ್ಕ ಹಾಕಿ ಕಟ್ಟಿದ್ದಲ್ಲ. ಲೆಕ್ಕ ಹಾಕಿದವನು ಆರ್ಕಿಮಿಡೀಸ್, ಸಿಸಿಲಿಯ ಸಿರಾಕ್ಯೂಸ್‌ನವನು, ಸತ್ತದ್ದು ಕ್ರಿಸ್ತಪೂರ್ವ 212ರಲ್ಲಿ. ಅವನು ಸ್ನಾನದ ತೊಟ್ಟಿಯಿಂದ ಎದ್ದು ಬತ್ತಲೆ ಓಡಿದ ಕಥೆ ಎಲ್ಲರಿಗೂ ಗೊತ್ತು. ಆ ಕಥೆ ಅವನದ್ದಲ್ಲ, ಸುಮಾರು ಇನ್ನೂರು ವರ್ಷ ಬಿಟ್ಟು ವಿಟ್ರೂವಿಯಸ್ ಎಂಬ ರೋಮನ್ ಬರೆದದ್ದು. ತೇಲುವ ವಸ್ತುಗಳ ಬಗ್ಗೆ ಆರ್ಕಿಮಿಡೀಸ್ ಬರೆದ ಪುಸ್ತಕದಲ್ಲಿ ತೊಟ್ಟಿಯೂ ಇಲ್ಲ, ಓಟವೂ ಇಲ್ಲ. ಅದರ ಎರಡನೆಯ ಭಾಗದಲ್ಲಿ ಇನ್ನೂ ದೊಡ್ಡ ಪ್ರಶ್ನೆ ಇದೆ: ತೇಲುವ ವಸ್ತುವನ್ನು ಓರೆ ಮಾಡಿ ಬಿಟ್ಟರೆ ಅದು ಮತ್ತೆ ನೆಟ್ಟಗಾಗುತ್ತದೋ, ಇಲ್ಲ ಮಗುಚುತ್ತದೋ? ತೇಲುವುದು ಒಂದು, ನೆಟ್ಟಗೆ ತೇಲುವುದು ಇನ್ನೊಂದು. 1628ರಲ್ಲಿ ಸ್ವೀಡನ್ನಿನ 'ವಾಸಾ' ಎಂಬ ಭರ್ಜರಿ ಯುದ್ಧನೌಕೆ ಮೊದಲ ಪ್ರಯಾಣದಲ್ಲೇ, ಒಂದೂವರೆ ಕಿಲೋಮೀಟರ್ ಕೂಡ ಹೋಗದೆ, ಒಂದು ಗಾಳಿಗೆ ವಾಲಿ ಮುಳುಗಿತು. ತಲೆ ಭಾರ ಜಾಸ್ತಿಯಾಗಿತ್ತು. ವಾಲಿದ ಹಡಗು ಮತ್ತೆ ಎದ್ದು ನಿಲ್ಲುತ್ತದೆಯೇ ಎಂದು ಕಾಗದದ ಮೇಲೆ ಲೆಕ್ಕ ಹಾಕುವ ದಾರಿಯನ್ನು ಫ್ರಾನ್ಸಿನ ಪಿಯೆರ್ ಬೂಗೆ ತೋರಿಸಿದ್ದು 1746ರಲ್ಲಿ.

ಆ ಲೆಕ್ಕ ಕೈಗೆ ಬಂದ ಮೇಲೆ ಹೆಚ್ಚು ದಿನ ಆಗಲಿಲ್ಲ. 1787ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್ಸನ್ ಕಬ್ಬಿಣದ ದೋಣಿಯೊಂದನ್ನು ಸೆವರ್ನ್ ನದಿಗೆ ಇಳಿಸಿದ. 1822ರಲ್ಲಿ 'ಆರನ್ ಮ್ಯಾನ್ಬಿ' ಎಂಬ ಕಬ್ಬಿಣದ ಉಗಿ ಹಡಗು ಸಮುದ್ರಕ್ಕೇ ಹೋಯಿತು. ವಿಚಿತ್ರ ಅಂದರೆ ಕಬ್ಬಿಣದ ಹಡಗು ಅಷ್ಟೇ ದೊಡ್ಡ ಮರದ ಹಡಗಿಗಿಂತ ಹಗುರ. ಮರದ ಗೋಡೆ ಗೇಣುಗಟ್ಟಲೆ ದಪ್ಪ ಇರಬೇಕು, ಕಬ್ಬಿಣದ ತಗಡು ಬೆರಳಿನಷ್ಟಿದ್ದರೆ ಸಾಕು. ಖಾಲಿ ಜಾಗ ಹೆಚ್ಚಾಯಿತು, ಸರಕು ಹೆಚ್ಚಾಯಿತು, ದುರಾಸೆಯೂ ಹೆಚ್ಚಾಯಿತು.

ಒಂದು ಗೆರೆಯ ಜಗಳ

ಚೊಂಬಿಗೆ ಕಲ್ಲು ಹಾಕುತ್ತಾ ಹೋದರೆ ಅದು ಇಳಿಯುತ್ತಾ ಇಳಿಯುತ್ತಾ, ಅಂಚು ನೀರಿಗೆ ತಾಗಿದ ಕ್ಷಣ ಗುಳುಂ ಅನ್ನುತ್ತದೆ. ಹಾಗಾದರೆ ಎಷ್ಟು ಅಂಚು ಬಿಡಬೇಕು? 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದನ್ನು ನಿರ್ಧರಿಸುತ್ತಿದ್ದವರು ಹಡಗಿನ ಮಾಲೀಕರು. ಹಡಗು ಮುಳುಗಿದರೂ ವಿಮೆ ಹಣ ಬರುತ್ತದೆ, ಮುಳುಗದಿದ್ದರೆ ಹೆಚ್ಚಿನ ಬಾಡಿಗೆ ಬರುತ್ತದೆ. ಖಲಾಸಿಗಳ ಜೀವಕ್ಕೆ ಮಾತ್ರ ವಿಮೆ ಇರಲಿಲ್ಲ. ಅಂಥ ಹಡಗುಗಳಿಗೆ ಶವಪೆಟ್ಟಿಗೆ ಹಡಗು ಅಂತಲೇ ಹೆಸರು ಬಿದ್ದಿತ್ತು. ಡರ್ಬಿಯ ಪಾರ್ಲಿಮೆಂಟ್ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಇದರ ಮೇಲೆ 1873ರಲ್ಲಿ ಪುಸ್ತಕ ಬರೆದ, 1875ರಲ್ಲಿ ಸಭೆಯಲ್ಲೇ ಮಾಲೀಕರನ್ನು ಬೈದು ಗದ್ದಲ ಎಬ್ಬಿಸಿದ. 1876ರಲ್ಲಿ ಕಾನೂನು ಬಂತು: ಪ್ರತಿ ಹಡಗಿನ ಪಕ್ಕೆಯ ಮೇಲೆ ಒಂದು ವೃತ್ತ, ಅದರ ನಡುವೆ ಒಂದು ಗೆರೆ, ಆ ಗೆರೆ ನೀರಿನೊಳಗೆ ಹೋಗಬಾರದು. ಆದರೆ ಗೆರೆ ಎಲ್ಲಿ ಹಾಕಬೇಕು ಅನ್ನುವುದನ್ನು ಮತ್ತೆ ಮಾಲೀಕರಿಗೇ ಬಿಟ್ಟಿದ್ದರು! ಒಬ್ಬ ಕ್ಯಾಪ್ಟನ್ ಅದನ್ನು ಹೊಗೆಕೊಳವೆಯ ಮೇಲೆ ಬಳಿದ ಎಂಬ ಕಥೆಯೂ ಇದೆ. ಗೆರೆಯ ಜಾಗ ಸರ್ಕಾರವೇ ಗೊತ್ತು ಮಾಡುವ ಹಾಗಾದದ್ದು 1890ರಲ್ಲಿ, ಅಂತಾರಾಷ್ಟ್ರೀಯ ಒಪ್ಪಂದ ಆದದ್ದು 1930ರಲ್ಲಿ.

ಹಡಗಿನ ಪಕ್ಕೆಯಲ್ಲಿ ಆ ವೃತ್ತದ ಪಕ್ಕದಲ್ಲಿ ಏಣಿಯ ಹಾಗೆ ಇನ್ನೂ ಕೆಲವು ಗೆರೆಗಳಿರುತ್ತವೆ. ಸಿಹಿ ನೀರಿಗೊಂದು, ಬೇಸಿಗೆಗೊಂದು, ಚಳಿಗಾಲಕ್ಕೊಂದು, ಉಷ್ಣವಲಯಕ್ಕೊಂದು. ಈಗ ಉಷ್ಣವಲಯದ ಗೆರೆ ಎನ್ನುವುದಕ್ಕೆ ಮುಂಚೆ ಬ್ರಿಟಿಷ್ ಹಡಗುಗಳಲ್ಲಿ 'ಇಂಡಿಯನ್ ಸಮ್ಮರ್' ಅಂತ ಹೆಸರಿತ್ತು. ಹಿಂದೂ ಮಹಾಸಾಗರ ಶಾಂತವಾಗಿರುವ ಕಾಲದಲ್ಲಿ ಸ್ವಲ್ಪ ಹೆಚ್ಚು ಸರಕು ತುಂಬಬಹುದು ಎಂಬ ಅರ್ಥದಲ್ಲಿ. ಈಗಿನ ನಿಯಮದಲ್ಲೂ ಅರಬ್ಬೀ ಸಮುದ್ರಕ್ಕೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಉಷ್ಣವಲಯದ ಗೆರೆ, ಜೂನ್ 1ರಿಂದ ಆಗಸ್ಟ್ 31ರವರೆಗೆ ಬೇಸಿಗೆಯ ಗೆರೆ, ಅಂದರೆ ಕಡಿಮೆ ಸರಕು. ಲಂಡನ್ನಿನಲ್ಲಿ ಕೂತವರು ಬರೆದ ಈ ತಾರೀಕುಗಳನ್ನು ನಮ್ಮ ಮೊಗವೀರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲ ಹಿಡಿಯುವ ಮುಂಚೆ ದೋಣಿ ಮೇಲೆ ಎಳೆಯುವುದು, ನೂಲ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ಹಾಲು ತೆಂಗಿನಕಾಯಿ ಅರ್ಪಿಸಿ ಮತ್ತೆ ಕಡಲಿಗೆ ಇಳಿಯುವುದು, ಲೆಕ್ಕ ಅದೇ.

ಸಿಹಿ ನೀರಿಗೆ ಬೇರೆ ಗೆರೆ ಯಾಕೆ? ಉಪ್ಪು ನೀರು ಹೆಚ್ಚು ತೂಕ, ಹೆಚ್ಚು ಎತ್ತುತ್ತದೆ. ಲೋಟದ ನೀರಿಗೆ ಉಪ್ಪು ಹಾಕುತ್ತಾ ಹೋದರೆ ಮುಳುಗಿದ್ದ ಮೊಟ್ಟೆ ಮೇಲೆ ಬರುತ್ತದಲ್ಲ, ಹಾಗೆ. ಮಂಗಳೂರಿನ ಹಳೆಯ ಬಂದರು ಇರುವುದು ನೇತ್ರಾವತಿ, ಗುರುಪುರ ನದಿಗಳು ಕಡಲಿಗೆ ಸೇರುವ ಅಳಿವೆಯ ಬಳಿ. ಹಂಚು, ಅಕ್ಕಿ ತುಂಬಿಕೊಂಡು ಹೊರಡುತ್ತಿದ್ದ ಮಂಜಿಗಳು ನದಿಯ ನೀರಿನಲ್ಲಿ ತುಸು ಹೆಚ್ಚು ಇಳಿದಿರುತ್ತಿದ್ದವು, ಅಳಿವೆ ದಾಟಿ ಉಪ್ಪು ನೀರಿಗೆ ಬಂದ ಮೇಲೆ ಮೇಲೇಳುತ್ತಿದ್ದವು. ನೀರಿನಲ್ಲಿ 8 ಮೀಟರ್ ಇಳಿಯುವ ಹಡಗಿಗೆ ಈ ವ್ಯತ್ಯಾಸ ಸುಮಾರು 20 ಸೆಂಟಿಮೀಟರ್. ಮಂಜಿಯಲ್ಲಿ ಗೆರೆ ಗಿರೆ ಏನೂ ಇರಲಿಲ್ಲ, ತಾಂಡೇಲನ ಕಣ್ಣೇ ಗೆರೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಮಸ್ಕತ್ತಿನಲ್ಲಿ ಮೈಸೂರಿನ ವ್ಯಾಪಾರದ ಕೋಠಿಯೇ ಇತ್ತು, ಮಂಗಳೂರಿನ ಅಕ್ಕಿ ಆ ಕಡೆ ಹೋಗುತ್ತಿತ್ತು. ಅಷ್ಟೂ ಹೋದದ್ದು ಈ ಕಣ್ಣಳತೆಯ ಮೇಲೆಯೇ.

ಅಂದ ಹಾಗೆ ಇಲ್ಲಿಯ ಕೊಲ್ಲಿಯ ನೀರು ಮಹಾಸಾಗರಕ್ಕಿಂತ ಉಪ್ಪು, ಲೀಟರಿಗೆ 35 ಗ್ರಾಂ ಬದಲು ಸುಮಾರು 40 ಗ್ರಾಂ. ಹಾಗಾದರೆ ಹಡಗಿಗೆ ಲಾಭವೇ? ಚಳಿಗಾಲದಲ್ಲಿ ಸ್ವಲ್ಪ ಹೌದು. ಬೇಸಿಗೆಯಲ್ಲಿ ನೀರು ಕಾದು ಹಿಗ್ಗಿ ಹಗುರವಾಗುವುದರಿಂದ ಉಪ್ಪಿನ ಲಾಭ ಬಿಸಿಲಿಗೆ ಕರಗಿಹೋಗುತ್ತದೆ. ಗಲ್ಫ್ ಸಂಬಳದ ಹಾಗೆಯೇ ಅನ್ನಿ!

ಪಣಂಬೂರಿನ ಪಾಠ

ಈಗ ನನಗೆ ನಿಜವಾಗಿ ಹೇಳಬೇಕಾಗಿದ್ದ ಕಥೆಗೆ ಬರುತ್ತೇನೆ. ಹಡಗಿಗೆ ತೂತಾಗಿಲ್ಲ, ಗೆರೆ ಮುಳುಗುವಷ್ಟು ತುಂಬಿಲ್ಲ, ಆದರೂ ಮುಳುಗಬಹುದೇ? ಮುಳುಗಬಹುದು. ಅದು ನಮ್ಮ ಮಂಗಳೂರಿನ ಮುಂದೆಯೇ ಆಯಿತು.

ಪಣಂಬೂರಿನ ನವಮಂಗಳೂರು ಬಂದರನ್ನು 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕುದುರೆಮುಖದ ಅದಿರು ಹೊರದೇಶಕ್ಕೆ ಹೋದದ್ದು ಇದೇ ಬಂದರಿನಿಂದ. ಅಲ್ಲಿ ಅದಿರನ್ನು ಹಿಟ್ಟಿನಂತೆ ಅರೆದು, ನೀರು ಬೆರೆಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದಿಂದ ಇಳಿಸುತ್ತಿದ್ದರು. ನೀರು ಸೇರಿದರೆ ಕಬ್ಬಿಣದ ಅದಿರು ಕೂಡ ಗಂಜಿಯ ಹಾಗೆ ಹರಿಯುತ್ತದೆ! ಪಣಂಬೂರಿನಲ್ಲಿ ಆ ನೀರನ್ನು ಸೋಸಿ ತೆಗೆಯುತ್ತಿದ್ದರು. ಅಲ್ಲಿಯ ಗಣಿಗಾರಿಕೆ 2005ರ ಡಿಸೆಂಬರ್ 31ಕ್ಕೆ ನಿಂತಿತು. ಆದರೆ ಅಷ್ಟರಲ್ಲಿ ಚೀನಾದ ಬೇಡಿಕೆ ಏರಿತ್ತು, ಬಳ್ಳಾರಿಯ ಅದಿರಿನ ಜ್ವರ ಶುರುವಾಗಿತ್ತು, ಘಟ್ಟದ ರಸ್ತೆಗಳ ತುಂಬ ಕೆಂಪು ಧೂಳಿನ ಲಾರಿಗಳು. ಬಯಲಿನಲ್ಲಿ ರಾಶಿ ಹಾಕಿದ ಅದಿರಿನ ಪುಡಿಯ ಮೇಲೆ ನಮ್ಮ ಕರಾವಳಿಯ ಮಳೆ ಬಿದ್ದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

2009ರ ಜುಲೈ. ಮಳೆಗಾಲದ ನಡುಮಧ್ಯ. 'ಏಷ್ಯನ್ ಫಾರೆಸ್ಟ್' ಎಂಬ ಹಾಂಗ್‌ಕಾಂಗ್ ಧ್ವಜದ ಹಡಗು ಸುಮಾರು 13,600 ಟನ್ ಅದಿರಿನ ಪುಡಿ ತುಂಬಿಕೊಂಡು ನವಮಂಗಳೂರಿನಿಂದ ಚೀನಾಕ್ಕೆ ಹೊರಟಿತು. ಹೊರಟ ಸ್ವಲ್ಪದರಲ್ಲೇ ಒಂದು ಪಕ್ಕಕ್ಕೆ ವಾಲಿತು. ಮತ್ತೆ ಏಳಲಿಲ್ಲ. ಮಂಗಳೂರಿನ ಕಡಲಿನಲ್ಲೇ ಮುಳುಗಿತು. 18 ಮಂದಿ ನಾವಿಕರನ್ನು ಕೋಸ್ಟ್ ಗಾರ್ಡ್‌ನವರು ಆ ಬಿರುಗಡಲಿನಲ್ಲಿ ಪಾರು ಮಾಡಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪ್ ಮುಂದೆ 'ಬ್ಲ್ಯಾಕ್ ರೋಸ್' ಎಂಬ ಹಡಗು ಇದೇ ರೀತಿ ಅದಿರಿನ ಪುಡಿಯೊಂದಿಗೆ ಮುಳುಗಿತು.

ಏನಾಗುತ್ತದೆ ಅಂದರೆ, ತೇವದ ಪುಡಿ ನೋಡುವುದಕ್ಕೆ ಗಟ್ಟಿಯಾಗಿ, ಒಣಗಿದ ಹಾಗೆಯೇ ಇರುತ್ತದೆ. ಕಾಳುಗಳು ಒಂದಕ್ಕೊಂದು ಆತುಕೊಂಡಿರುತ್ತವೆ, ಸಂದಿಯಲ್ಲಿ ನೀರು. ಎಂಜಿನ್ನಿನ ನಡುಕ, ಅಲೆಯ ಹೊಡೆತ ತಾಗುತ್ತಾ ತಾಗುತ್ತಾ ಕಾಳುಗಳು ಕುಗ್ಗಿ ಕೂರುತ್ತವೆ. ಸಂದಿಯ ನೀರಿಗೆ ಹೋಗಲು ದಾರಿ ಇಲ್ಲ, ಅದರ ಒತ್ತಡ ಏರಿ ಕಾಳುಗಳನ್ನು ಬಿಡಿಸಿಬಿಡುತ್ತದೆ. ಒಮ್ಮೆಲೆ ಇಡೀ ರಾಶಿ ಕೆಸರಾಗುತ್ತದೆ. ಕಡಲ ದಂಡೆಯ ಒದ್ದೆ ಮರಳಿನ ಮೇಲೆ ಒಂದೇ ಕಡೆ ಕುಣಿದು ನೋಡಿ. ಗಟ್ಟಿ ಇದ್ದ ನೆಲ ಮೆತ್ತಗಾಗಿ ಕಾಲು ಹೂತುಕೊಳ್ಳುತ್ತದೆ. ಅದೇ ಇದು.

ಇಲ್ಲೊಂದು ವಿಪರ್ಯಾಸ ಇದೆ. ಅದಿರು ನೀರಿಗಿಂತ ತುಂಬಾ ಭಾರ. 13,600 ಟನ್ ಅದಿರಿಗೆ ಸುಮಾರು 6,000 ಘನ ಮೀಟರ್ ಜಾಗ ಸಾಕು. ಆದರೆ ಅಷ್ಟು ತೂಕ ತೇಲಬೇಕಾದರೆ ಹಡಗು 13,000 ಘನ ಮೀಟರಿಗೂ ಹೆಚ್ಚು ನೀರನ್ನು ಸರಿಸಲೇಬೇಕು. ಹಾಗಾಗಿ ಅದಿರು ತುಂಬಿದ ಹಡಗಿನ ಹೊಟ್ಟೆ ಅರ್ಧಕ್ಕಿಂತ ಹೆಚ್ಚು ಖಾಲಿಯೇ ಇರುತ್ತದೆ. ಆ ಖಾಲಿ ಜಾಗವೇ ಹಡಗನ್ನು ತೇಲಿಸುವುದು. ಅದಿರು ಕೆಸರಾದಾಗ ಪಕ್ಕಕ್ಕೆ ಹರಿಯಲು ಜಾಗ ಮಾಡಿಕೊಡುವುದೂ ಅದೇ ಖಾಲಿ ಜಾಗ. ಹಡಗು ಬಲಕ್ಕೆ ವಾಲಿದರೆ ಕೆಸರು ಬಲಕ್ಕೆ ಹರಿಯುತ್ತದೆ, ಹಡಗು ಇನ್ನಷ್ಟು ವಾಲುತ್ತದೆ. ಅಗಲ ತಟ್ಟೆಯಲ್ಲಿ ನೀರು ಹೊತ್ತು ನಡೆದವರಿಗೆ ಗೊತ್ತು, ಒಮ್ಮೆ ತುಳುಕಲು ಶುರುವಾದರೆ ಕೈಗೆ ಸಿಗುವುದಿಲ್ಲ. ಹಡಗಿನ ಕೋಣೆಗಳು ಒಂದರಿಂದ ಇನ್ನೊಂದಕ್ಕೆ ನೀರು ಹೋಗದ ಹಾಗೆ ಅಡ್ಡಗೋಡೆ ಹಾಕಿದಂಥವು. ಒಂದೊಂದು ಕೋಣೆಯೂ ಹಡಗಿನ ಪೂರ್ತಿ ಅಗಲಕ್ಕೆ ಇರುವುದರಿಂದ ಎಡಬಲ ತುಳುಕುವುದನ್ನು ಅವು ತಡೆಯಲಾರವು. ತೇಲುವ ಲೆಕ್ಕದಲ್ಲಿ ಪಾಸು, ನೆಟ್ಟಗೆ ತೇಲುವ ಲೆಕ್ಕದಲ್ಲಿ ಫೇಲು. ಆರ್ಕಿಮಿಡೀಸ್‌ನ ಎರಡನೆಯ ಭಾಗ ನೆನಪಿದೆಯಲ್ಲ?

ಇಂಥ ಸಾಲು ಸಾಲು ದುರಂತಗಳ ಮೇಲೆ ಘನ ಸರಕನ್ನು ರಾಶಿಯಾಗಿ ಸಾಗಿಸುವ ಅಂತಾರಾಷ್ಟ್ರೀಯ ನಿಯಮಾವಳಿ 2011ರ ಜನವರಿ 1ರಿಂದ ಕಡ್ಡಾಯವಾಯಿತು. ಅದಿರಿನ ತೇವ ಒಂದು ಮಿತಿಯೊಳಗೆ ಇದೆ ಎಂದು ಪ್ರಯೋಗಾಲಯದ ಪತ್ರ ಬೇಕು. ಜತೆಗೆ ಕ್ಯಾಪ್ಟನ್ನಿಗೆ ಒಂದು ಸರಳ ಪರೀಕ್ಷೆಯೂ ಇದೆ. ಒಂದು ಡಬ್ಬದಲ್ಲಿ ಅರ್ಧ ಪುಡಿ ತುಂಬಿ ಗಟ್ಟಿ ನೆಲಕ್ಕೆ 25 ಸಲ ಕುಕ್ಕಿ ನೋಡುವುದು. ಮೇಲೆ ನೀರು ಒಸರಿದರೆ, ಅಥವಾ ಪುಡಿ ಗಂಜಿಯ ಹಾಗಾದರೆ, ಸರಕು ತುಂಬಬೇಡಿ ಎಂದು ಅರ್ಥ. ಲಕ್ಷಾಂತರ ಡಾಲರಿನ ಹಡಗು, ಪರೀಕ್ಷೆಗೆ ಒಂದು ಡಬ್ಬ! ಆದರೂ ಎಲ್ಲರೂ ಮಾಡುತ್ತಾರೆ ಅಂತೇನಿಲ್ಲ. ಸರಕಿನವರ ಅವಸರ, ಬಂದರಿನ ಬಾಡಿಗೆ, ಮೇಲಿನವರ ಫೋನು. 2015ರ ಜನವರಿಯಲ್ಲಿ ಮಲೇಷ್ಯಾದಿಂದ ಬಾಕ್ಸೈಟ್ ಹೊತ್ತು ಹೊರಟ 'ಬಲ್ಕ್ ಜುಪಿಟರ್' ಮುಳುಗಿದಾಗ 19 ಜನರಲ್ಲಿ ಉಳಿದದ್ದು ಒಬ್ಬನೇ. ಸತ್ತವರೆಲ್ಲ ದುಡಿಯಲು ಮನೆ ಬಿಟ್ಟು ಹೋದವರು. ಗಲ್ಫಿನಲ್ಲಿ ಕೂತು ಇದನ್ನು ಓದುವವರಿಗೆ ಆ ಮಾತಿನ ಭಾರ ವಿವರಿಸಬೇಕಾಗಿಲ್ಲ.

ನೀರಿಗೆ ಯಾರ ಮೇಲೂ ದ್ವೇಷವಿಲ್ಲ, ದಾಕ್ಷಿಣ್ಯವೂ ಇಲ್ಲ. ಎಷ್ಟು ಸರಿಸಿದ್ದೀರೋ ಅಷ್ಟು ಎತ್ತುತ್ತೇನೆ ಅನ್ನುತ್ತದೆ, ನಾಲ್ಕು ಸಾವಿರ ವರ್ಷದ ಹಿಂದಿನ ಜೊಂಡಿನ ದೋಣಿಗೂ ಅದೇ ಮಾತು, ಇವತ್ತಿನ ಕಂಟೇನರ್ ಹಡಗಿಗೂ ಅದೇ ಮಾತು. ತಪ್ಪಿದ್ದೆಲ್ಲ ಮನುಷ್ಯರ ಕಡೆಯಿಂದ: ಡಾಂಬರು ಸರಿಯಾಗಿ ಬಳಿಯದ್ದು, ಗೆರೆಯನ್ನು ಮೇಲೆ ಸರಿಸಿದ್ದು, ಡಬ್ಬ ಕುಕ್ಕಿ ನೋಡದೆ ಸಹಿ ಹಾಕಿದ್ದು.

ಮುಂದಿನ ಸಲ ದುಬೈಯಲ್ಲೋ ಪಣಂಬೂರಿನಲ್ಲೋ ಹಡಗು ಕಂಡರೆ ಅದರ ಎತ್ತರ ನೋಡಿ ಬೆರಗಾದ ಮೇಲೆ ಪಕ್ಕೆಯ ಮಧ್ಯಕ್ಕೆ ಒಂದು ಸಲ ಕಣ್ಣು ಹಾಯಿಸಿ. ಒಂದು ವೃತ್ತ, ಅದರ ನಡುವೆ ಒಂದು ಗೆರೆ ಇರುತ್ತದೆ. ಅದು ನೀರಿನಿಂದ ಮೇಲೆ ಇದೆಯೇ ಅಂತ ನೋಡಿ.